ಒಂದೇ ಹೆದ್ದಾರಿಯ ಕಾಲೇಜುಗಳು

ಅಮೆರಿಕದ ನಕಾಶೆ ತೆಗೆದು ನೋಡಿ. ಕೆನಡಾ ಗಡಿಗೆ ತಾಗಿಕೊಂಡು, ಸರಿಸುಮಾರು ನಡುಮಧ್ಯದಲ್ಲಿ, ನಾರ್ತ್ ಡಕೋಟಾ ರಾಜ್ಯ ಇದೆ. ಅದರ ಪೂರ್ವದ ಅಂಚಿನಲ್ಲಿ ಇಂಟರ್‌ಸ್ಟೇಟ್ 29 ಅನ್ನೋ ಹೆದ್ದಾರಿ ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗೆ ಇಳಿಯುತ್ತದೆ. ಮೇಲಿನಿಂದ ಹೊರಟರೆ ಮೊದಲು ಗ್ರ್ಯಾಂಡ್ ಫೋರ್ಕ್ಸ್. ಅಲ್ಲಿಂದ ಸುಮಾರು 130 ಕಿ.ಮೀ. ಕೆಳಗೆ ನಾವಿರುವ ಫಾರ್ಗೋ. ಆಮೇಲೆ 300 ಕಿ.ಮೀ. ಬರೀ ಸೋಯಾ, ಮೆಕ್ಕೆಜೋಳ, ಗಾಳಿ. ಅದು ಮುಗಿದ ಮೇಲೆ ಸೌತ್ ಡಕೋಟಾದ ಬ್ರೂಕಿಂಗ್ಸ್, ಸೂ ಫಾಲ್ಸ್, ಹೆದ್ದಾರಿಯಿಂದ ಸ್ವಲ್ಪ ಒಳಗೆ ವರ್ಮಿಲಿಯನ್. ಅಯೋವಾದ ಸೂ ಸಿಟಿ ದಾಟಿದರೆ ಕೊನೆಗೆ ನೆಬ್ರಾಸ್ಕಾದ ಒಮಾಹಾ. ಒಟ್ಟು ಸುಮಾರು 800 ಕಿ.ಮೀ.

ಈ ಏಳು ಊರುಗಳಲ್ಲೂ ಒಂದೊಂದು ಕಾಲೇಜೋ ವಿಶ್ವವಿದ್ಯಾಲಯವೋ ಇದೆ. ಏಳೂ ಒಂದು ಕಾಲಕ್ಕೆ ಒಂದೇ ಕ್ರೀಡಾ ಕೂಟದಲ್ಲಿ ಆಡುತ್ತಿದ್ದವು. ಅದರ ಹೆಸರು ನಾರ್ತ್ ಸೆಂಟ್ರಲ್ ಕಾನ್ಫರೆನ್ಸ್. 1922ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಹೊಸದಾಗಿ ಊರಿಗೆ ಬಂದ ನಮ್ಮಂಥವರಿಗೆ ಇದರ ಹೆಸರೂ ಗೊತ್ತಿರುವುದಿಲ್ಲ. ಆದರೆ ಐವತ್ತು ದಾಟಿದ ಯಾರ ಜೊತೆ ಆಟದ ಮಾತು ತೆಗೆದರೂ ಇಲ್ಲಿ ಮಾತು ಅಲ್ಲಿಗೇ ಹೋಗುತ್ತದೆ. ಕೇಳಿ ಕೇಳಿ, ಓದಿ ಓದಿ, ನನಗೂ ಅದು ಹತ್ತಿರದ ವಿಷಯ ಆಗಿಬಿಟ್ಟಿದೆ. ಇಲ್ಲಿನ ಜನ ಹೇಗೆ ಅಂತ ಊರಿನವರಿಗೆ ಹೇಳಬೇಕಾದರೆ ಹಿಮ, ಚಳಿ ಅಂತ ಶುರು ಮಾಡುವುದಕ್ಕಿಂತ ಈ ಕೂಟದ ಕಥೆ ಹೇಳುವುದೇ ಒಳ್ಳೆಯದು ಅನಿಸುತ್ತದೆ.

ಕಾನ್ಫರೆನ್ಸ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಅದೇ ಅಂತರ ಕಾಲೇಜು ಪಂದ್ಯ ನಡೆಸುತ್ತದೆ. ಅಲ್ಲಿ ಆಯ್ಕೆಯಾದವರು ವಿವಿ ತಂಡದಲ್ಲಿ ದಕ್ಷಿಣ ವಲಯಕ್ಕೆ ಹೋಗುತ್ತಾರೆ. ಇಲ್ಲಿ ಹಾಗಲ್ಲ. ಕಾಲೇಜುಗಳೇ ಮಾತಾಡಿಕೊಂಡು ಕೂಟ ಕಟ್ಟಿಕೊಳ್ಳುತ್ತವೆ. ಯಾರ ಜೊತೆ ಆಡಬೇಕು ಅನ್ನುವುದೆಲ್ಲಾ ಅಲ್ಲೇ ತೀರ್ಮಾನ. ಪ್ರತಿ ವರ್ಷ ಅದೇ ಎದುರಾಳಿ, ಒಂದು ವರ್ಷ ನಿಮ್ಮೂರಲ್ಲಿ, ಇನ್ನೊಂದು ವರ್ಷ ನಮ್ಮೂರಲ್ಲಿ. ಇದೆಲ್ಲದರ ಮೇಲೆ ಎನ್‌ಸಿಎಎ ಅಂತ ರಾಷ್ಟ್ರಮಟ್ಟದ ಸಂಸ್ಥೆ ಇದೆ. ಅದು 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿತು. ಟಿವಿಯಲ್ಲಿ ಕಾಣುವ ದೊಡ್ಡ ಹೆಸರುಗಳೆಲ್ಲ ಒಂದನೇ ಡಿವಿಷನ್. ನಮ್ಮ ಈ ಕೂಟ ಎರಡನೆಯದು. ಕೂಟಕ್ಕೆ ಸೇರುವುದು ಹೇಗೆ ಅವರವರ ಇಷ್ಟವೋ, ಬಿಟ್ಟು ಹೋಗುವುದೂ ಹಾಗೇ. ಮುಂದೆ ನಡೆದದ್ದಕ್ಕೆಲ್ಲ ಇದೇ ಬುಡ.

1922ರಲ್ಲಿ ಸೇರಿದ್ದು ಒಂಬತ್ತು ಕಾಲೇಜುಗಳು. ಎರಡು ಡಕೋಟಾಗಳ ನಾಲ್ಕು ಸರ್ಕಾರಿ ಸಂಸ್ಥೆಗಳು: ಗ್ರ್ಯಾಂಡ್ ಫೋರ್ಕ್ಸ್ ಮತ್ತು ವರ್ಮಿಲಿಯನ್‌ನ ವಿಶ್ವವಿದ್ಯಾಲಯಗಳು, ಫಾರ್ಗೋ ಮತ್ತು ಬ್ರೂಕಿಂಗ್ಸ್‌ನ ಕೃಷಿ ಕಾಲೇಜುಗಳು. ಫಾರ್ಗೋ ಕ್ಯಾಂಪಸ್ಸಿನಲ್ಲಿ ಇವತ್ತಿಗೂ ನಮ್ಮ ಜಿಕೆವಿಕೆಯಲ್ಲೋ ಧಾರವಾಡದ ಕೃಷಿ ವಿವಿಯಲ್ಲೋ ಓದಿ ಬಂದವರು ಒಬ್ಬಿಬ್ಬರು ಸಿಗುತ್ತಾರೆ. ಉಳಿದ ಐದೂ ಚರ್ಚುಗಳ ಬೆಂಬಲದ ಖಾಸಗಿ ಕಾಲೇಜುಗಳು. ಸೂ ಸಿಟಿಯ ಮಾರ್ನಿಂಗ್‌ಸೈಡ್, ನೆಬ್ರಾಸ್ಕಾ ವೆಸ್ಲಿಯನ್, ಒಮಾಹಾದ ಕ್ರೇಟನ್, ಮಿನೆಸೋಟಾದ ಸೇಂಟ್ ಥಾಮಸ್, ಮತ್ತೆ ಡೆ ಮೋಯ್ನ್ ವಿಶ್ವವಿದ್ಯಾಲಯ. ಕೊನೆಯದ್ದು ಬೇಗ ಮುಗಿದುಹೋಯಿತು. ಕಟ್ಟಾ ಧಾರ್ಮಿಕರ ಆಡಳಿತದ ವಿರುದ್ಧ ವಿದ್ಯಾರ್ಥಿಗಳು ಮೊಟ್ಟೆ ಎಸೆದು ದಂಗೆ ಎದ್ದರು. 1929ರಲ್ಲಿ ಕಾಲೇಜೇ ಬಾಗಿಲು ಹಾಕಿತು. ಕ್ರೇಟನ್ 1928ರಲ್ಲೇ ದೊಡ್ಡ ಕೂಟ ಹುಡುಕಿಕೊಂಡು ಹೊರಟಿತು. ಹೋದವರ ಜಾಗಕ್ಕೆ ಬೇರೆಯವರು ಬಂದರು. 1934ರಲ್ಲಿ ಈಗಿನ ನಾರ್ದರ್ನ್ ಅಯೋವಾ, ನಂತರ ಸೂ ಫಾಲ್ಸ್‌ನ ಆಗಸ್ಟಾನಾ, ಇನ್ನೂ ತಡವಾಗಿ ಮ್ಯಾಂಕೇಟೋ, ಸೇಂಟ್ ಕ್ಲೌಡ್, ನಾರ್ದರ್ನ್ ಕೊಲರಾಡೋ. ಬಂದು ಹೋಗುವವರ ನಡುವೆಯೂ ಎರಡು ಡಕೋಟಾಗಳ ನಾಲ್ಕು ಸಂಸ್ಥೆಗಳು ಮತ್ತು ಮಾರ್ನಿಂಗ್‌ಸೈಡ್ ಎಂಬತ್ತು ವರ್ಷ ಒಟ್ಟಿಗೇ ಇದ್ದವು.

ಮಾರ್ನಿಂಗ್‌ಸೈಡ್ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅದು ಸಣ್ಣ ಕಾಲೇಜು. ಅಲ್ಲಿನ ಹುಡುಗರು ಬಸ್ ಹತ್ತಿ, ತಮಗಿಂತ ಎಷ್ಟೋ ಪಟ್ಟು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದ ಎದುರು ಆಡಲು ಉತ್ತರಕ್ಕೆ ಬರುತ್ತಿದ್ದರು. ಮುಂದೆ ವೃತ್ತಿಪರ ಫುಟ್‌ಬಾಲ್‌ನಲ್ಲಿ ಬಹಳ ದೊಡ್ಡ ಕೋಚ್ ಅನಿಸಿಕೊಂಡ ಜಾರ್ಜ್ ಆಲೆನ್, 1948ರಿಂದ 1950ರವರೆಗೆ ಕೋಚ್ ಆಗಿದ್ದದ್ದು ಅಲ್ಲೇ. (ಫುಟ್‌ಬಾಲ್ ಅಂದರೆ ಇಲ್ಲಿ ಅಮೆರಿಕನ್ ಫುಟ್‌ಬಾಲ್, ಹೆಲ್ಮೆಟ್ ಹಾಕಿಕೊಂಡು ಆಡುವುದು.)

ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಫಾರ್ಗೋದಲ್ಲೇ ಓದಿದವರು. ಅವರ ಬೇಸ್‌ಮೆಂಟಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬಾ ಹಳೆಯ ಪಂದ್ಯಗಳ ಪುಸ್ತಿಕೆಗಳಿವೆ. ಪಂದ್ಯದ ದಿನ ಗೇಟಿನಲ್ಲಿ ಮಾರುವಂಥವು. ಒಂದು ಪುಟದಲ್ಲಿ ನಮ್ಮ ತಂಡ, ಎದುರು ಪುಟದಲ್ಲಿ ಬಂದ ತಂಡ. ಪ್ರತಿ ಹುಡುಗನ ಹೆಸರಿನ ಮುಂದೆ ಎತ್ತರ, ತೂಕ, ಊರು. ಊರಿನ ಸಾಲನ್ನು ಬೆರಳಿಟ್ಟು ಓದುತ್ತಾ ಹೋದರೆ ಎಲ್ಲಾ ಈ ಸುತ್ತಮುತ್ತಲಿನ ಹಳ್ಳಿಗಳೇ. ಕೆಳಗೆ ಬೀಜದ ಅಂಗಡಿ, ಬ್ಯಾಂಕು, ಟ್ರ್ಯಾಕ್ಟರ್ ಡೀಲರ್ ಜಾಹೀರಾತು. ಎದುರಾಳಿ ತಂಡದಲ್ಲಿ ಸೋದರಮಾವನ ಮಗ ಇರುವುದು ಆಗ ವಿಶೇಷವೇ ಆಗಿರಲಿಲ್ಲವಂತೆ. ಪಂದ್ಯ ಮುಗಿದ ಮೇಲೆ ಎರಡೂ ಕಡೆಯವರು ಒಂದೇ ಮನೆಗೆ ಊಟಕ್ಕೆ ಹೋಗುತ್ತಿದ್ದರು ಅಂತ ಅಜ್ಜ ಹೇಳುತ್ತಾರೆ.

ಹಾಗಂತ ಪ್ರೀತಿಯೇ ತುಂಬಿತ್ತು ಅಂತಲ್ಲ. ಫಾರ್ಗೋ ಮತ್ತು ಗ್ರ್ಯಾಂಡ್ ಫೋರ್ಕ್ಸ್ ನಡುವಿನ ಹಗೆ ಜೋರಾಗಿತ್ತು. ಈ ಎರಡು ತಂಡಗಳ ಫುಟ್‌ಬಾಲ್ ಪಂದ್ಯಕ್ಕೆ 1938ರಿಂದ ನಿಕಲ್ ಟ್ರೋಫಿ ಅಂತ ಒಂದು ಬಹುಮಾನ ಇತ್ತು. ಆಗಿನ ಅಮೆರಿಕದ ಐದು ಸೆಂಟಿನ ನಾಣ್ಯವನ್ನೇ ದೊಡ್ಡದಾಗಿ ಎರಕ ಹೊಯ್ದದ್ದು. ತೂಕ ಸುಮಾರು 34 ಕಿಲೋ. ಆ ನಾಣ್ಯದ ಒಂದು ಮುಖದಲ್ಲಿ ಮೂಲನಿವಾಸಿಯ ತಲೆ, ಇನ್ನೊಂದರಲ್ಲಿ ಬೈಸನ್ ಪ್ರಾಣಿ. ಗ್ರ್ಯಾಂಡ್ ಫೋರ್ಕ್ಸ್ ತಂಡಕ್ಕೆ ಆಗ ಸೂ ಜನಾಂಗದ ಹೆಸರಿತ್ತು, ಫಾರ್ಗೋ ತಂಡದ ಹೆಸರು ಬೈಸನ್. ಎರಡೂ ತಂಡಗಳ ಗುರುತು ಒಂದೇ ನಾಣ್ಯದಲ್ಲಿ ಮೊದಲೇ ಅಚ್ಚಾಗಿತ್ತು! ಟ್ರೋಫಿ ಶುರುವಾದ ವರ್ಷವೇ ಸರ್ಕಾರ ಆ ನಾಣ್ಯ ಟಂಕಿಸುವುದನ್ನು ನಿಲ್ಲಿಸಿತು. ಆದರೆ ಈ 34 ಕಿಲೋದ ನಾಣ್ಯ ಎರಡು ಊರುಗಳ ನಡುವೆ ಓಡಾಡುತ್ತಲೇ ಇತ್ತು. ಗೆದ್ದು ತಂದದ್ದು ಎಷ್ಟೋ ಸಲ, ರಾತ್ರಿ ಕದ್ದು ತಂದದ್ದೂ ಹಲವು ಸಲ. ಕದಿಯುವುದು ಎರಡೂ ಕಡೆಯ ವಿದ್ಯಾರ್ಥಿಗಳ ಸಂಪ್ರದಾಯವೇ ಆಗಿಹೋಗಿತ್ತು. (ಸೂ ಹೆಸರಿನ ಬಗ್ಗೆ ಮೂಲನಿವಾಸಿಗಳ ಆಕ್ಷೇಪ, ವರ್ಷಗಟ್ಟಲೆ ಜಗಳ, ಮತದಾನ ಎಲ್ಲಾ ಆಗಿ 2012ರಲ್ಲಿ ಅದನ್ನು ಕೈಬಿಟ್ಟರು. ಬಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಅದು ಬೇರೆಯದೇ ದೊಡ್ಡ ಕಥೆ.)

ಸಣ್ಣ ಕೂಟ ಅಂದ ಮಾತ್ರಕ್ಕೆ ಸಾಮಾನ್ಯ ಆಟಗಾರರು ಅಂದುಕೊಳ್ಳಬೇಡಿ. ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಫಿಲ್ ಜಾಕ್ಸನ್ ಗೊತ್ತಿರುತ್ತಾರೆ. ಚಿಕಾಗೋ ಬುಲ್ಸ್‌ಗೆ ಆರು, ಲಾಸ್ ಏಂಜಲೀಸ್ ಲೇಕರ್ಸ್‌ಗೆ ಐದು ಎನ್‌ಬಿಎ ಪ್ರಶಸ್ತಿ ತಂದುಕೊಟ್ಟ ಕೋಚ್. ಅವರು ಇದೇ ನಾರ್ತ್ ಡಕೋಟಾದ ವಿಲಿಸ್ಟನ್ ಊರಿನ ಹೈಸ್ಕೂಲಿನಿಂದ ಗ್ರ್ಯಾಂಡ್ ಫೋರ್ಕ್ಸ್‌ಗೆ ಬಂದು, 1967ರವರೆಗೆ ಈ ಕೂಟದಲ್ಲೇ ಆಡಿದರು. ಅವರನ್ನು ಕರೆತಂದ ಕೋಚ್ ಬಿಲ್ ಫಿಚ್ ಮುಂದೆ 1981ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಜೊತೆ ಎನ್‌ಬಿಎ ಗೆದ್ದರು. ಇವರಿಬ್ಬರೂ ಹಿಮದಲ್ಲಿ ಬಸ್ಸಿನಲ್ಲಿ ವರ್ಮಿಲಿಯನ್‌ಗೆ, ಸೂ ಸಿಟಿಗೆ ಹೋಗಿ ಸಣ್ಣ ಜಿಮ್‌ಗಳಲ್ಲಿ ಆಡಿದವರು, ಆಡಿಸಿದವರು. ಚಳಿಗಾಲದಲ್ಲಿ ಇಲ್ಲಿ ಮೈನಸ್ 30 ಡಿಗ್ರಿ ಹೊಸದಲ್ಲ. ಗಾಳಿಗೆ ನೆಲದ ಹಿಮವೇ ಎದ್ದು ಮುಂದಿನ ಕಾರು ಕಾಣಿಸುವುದಿಲ್ಲ. ಈಗಲೂ ಅಂಥ ದಿನ ಹೆದ್ದಾರಿಗೆ ಅಡ್ಡ ಗೇಟು ಎಳೆದು ಮುಚ್ಚಿಬಿಡುತ್ತಾರೆ.

ಇಷ್ಟರಲ್ಲಿ ನನಗೆ ತುಂಬಾ ಇಷ್ಟವಾದದ್ದು ತೊಂಬತ್ತರ ದಶಕದ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್. ಕೋಚ್ ಏಮಿ ರೂಲೀ ಕೈಯಲ್ಲಿ ಫಾರ್ಗೋ ತಂಡ 1991ರಲ್ಲಿ ಎರಡನೇ ಡಿವಿಷನ್‌ನ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಮೇಲೆ 1993, 94, 95, 96, ಸತತ ನಾಲ್ಕು. 1995ರಲ್ಲಂತೂ 32 ಪಂದ್ಯ ಆಡಿ 32ನ್ನೂ ಗೆದ್ದರು. ಸರಿ, ಇವರನ್ನು ಸೋಲಿಸುವವರು ಯಾರು? ನ್ಯೂಯಾರ್ಕೂ ಅಲ್ಲ, ಕ್ಯಾಲಿಫೋರ್ನಿಯಾವೂ ಅಲ್ಲ. 130 ಕಿ.ಮೀ. ಮೇಲಿನ ಗ್ರ್ಯಾಂಡ್ ಫೋರ್ಕ್ಸ್. 1997, 98, 99 ಮೂರೂ ವರ್ಷದ ಪ್ರಶಸ್ತಿ ಅವರಿಗೆ. ಅಂದರೆ ಸತತ ಏಳು ವರ್ಷ, ಇಡೀ ದೇಶದ ಪ್ರಶಸ್ತಿ ಈ ಎರಡು ಊರು ಬಿಟ್ಟು ಆಚೆ ಹೋಗಲಿಲ್ಲ. ದಿನಾ ಪಕ್ಕದಲ್ಲೇ ಅಷ್ಟು ಗಟ್ಟಿ ಎದುರಾಳಿ ಇದ್ದರೆ ಇಬ್ಬರೂ ಬೆಳೆಯುತ್ತಾರೆ. ಕೂಟ ಅಂದರೆ ಮಾಡುವ ಕೆಲಸವೇ ಇದು ಅಂತ ನನಗೆ ಅರ್ಥವಾದದ್ದು ಈ ಏಳು ವರ್ಷಗಳ ಪಟ್ಟಿ ನೋಡಿದಾಗ.

1997ರ ಮಾರ್ಚ್‌ನಲ್ಲಿ ಗ್ರ್ಯಾಂಡ್ ಫೋರ್ಕ್ಸ್ ಹುಡುಗಿಯರು ಮೊದಲ ಪ್ರಶಸ್ತಿ ಗೆದ್ದರು. ಮುಂದಿನ ತಿಂಗಳೇ ರೆಡ್ ರಿವರ್ ಉಕ್ಕಿತು. ನದಿ 16 ಮೀಟರ್ ದಾಟಿ ಏರಿ, ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಪೇಟೆಯ ನಡುವೆ ನೀರು ನಿಂತಿರುವಾಗಲೇ ಕಟ್ಟಡಗಳಿಗೆ ಬೆಂಕಿ ಬಿತ್ತು. ಆ ಊರಿನ ಹೆಂಗಸರು 'ಗೆದ್ದ ವರ್ಷ' ಅನ್ನುವುದೂ, 'ನೆರೆ ಬಂದ ವರ್ಷ' ಅನ್ನುವುದೂ ಒಂದೇ ವರ್ಷವನ್ನು. ನನ್ನ ಮಗಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವವರು ಆ ಕಾಲದಲ್ಲಿ ಇನ್ನೂ ಶಾಲೆಯಲ್ಲಿದ್ದವರು. ಟಿವಿಯಲ್ಲಿ ಕಂಡ ದೊಡ್ಡ ತಾರೆಯರ ಹೆಸರು ಅವರು ಹೇಳುವುದಿಲ್ಲ. ಶನಿವಾರ ರಾತ್ರಿ ಅಪ್ಪನ ಜೊತೆ ಹೋಗಿ ಕಣ್ಣಾರೆ ಕಂಡ ಈ ಹುಡುಗಿಯರ ಹೆಸರು ಹೇಳುತ್ತಾರೆ.

ಹಾಗಾದರೆ ಮುಚ್ಚಿದ್ದು ಯಾಕೆ?

ಜನ ಬರುವುದು ನಿಂತದ್ದಕ್ಕಲ್ಲ. ತಂಡಗಳು ಸೋತದ್ದಕ್ಕೂ ಅಲ್ಲ. ಫುಟ್‌ಬಾಲ್‌ನಲ್ಲಿ ಎರಡನೇ ಡಿವಿಷನ್‌ನ ರಾಷ್ಟ್ರೀಯ ಪ್ರಶಸ್ತಿಯನ್ನು ಫಾರ್ಗೋ 1983ರಿಂದ 1990ರ ಒಳಗೆ ಐದು ಸಲ ಗೆದ್ದಿತ್ತು. ನಾರ್ದರ್ನ್ ಕೊಲರಾಡೋ 1996, 97ರಲ್ಲಿ ಗೆದ್ದಿತು, ಗ್ರ್ಯಾಂಡ್ ಫೋರ್ಕ್ಸ್ 2001ರಲ್ಲಿ. ಇಲ್ಲಿ ಇನ್ನು ಗೆಲ್ಲುವುದಕ್ಕೆ ಏನೂ ಉಳಿದಿಲ್ಲ ಅನ್ನುವ ಮಾತು ಶುರುವಾದದ್ದು ಆಗ. ಎರಡನೇ ಡಿವಿಷನ್‌ನಲ್ಲಿ ಫುಟ್‌ಬಾಲ್ ತಂಡಕ್ಕೆ 36 ಪೂರ್ತಿ ಸ್ಕಾಲರ್‌ಶಿಪ್ ಮಾತ್ರ ಕೊಡಬಹುದಿತ್ತು. ಒಂದನೇ ಡಿವಿಷನ್‌ನ ಕೆಳಹಂತದಲ್ಲಿ 63. ಫಾರ್ಗೋದಲ್ಲಿ 1992ರಲ್ಲೇ ಚಾವಣಿ ಇರುವ ದೊಡ್ಡ ಕ್ರೀಡಾಂಗಣ ಎದ್ದಿತ್ತು. ಪಕ್ಕದ ಮೊಂಟಾನಾದ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳು ಒಂದನೇ ಡಿವಿಷನ್‌ನಲ್ಲಿದ್ದವು. ನಾವು ಅವರಿಗಿಂತ ಏನು ಕಡಿಮೆ? ಒಂದು ರಾಜ್ಯದ ಮುಖ್ಯ ವಿಶ್ವವಿದ್ಯಾಲಯ ಸಣ್ಣ ಚರ್ಚ್ ಕಾಲೇಜಿನ ಜೊತೆ ಎಷ್ಟು ದಿನ ಆಡುವುದು? ಹಳೆಯ ವಿದ್ಯಾರ್ಥಿಗಳು, ದಾನಿಗಳು ಎಲ್ಲರ ಬಾಯಲ್ಲೂ ಇದೇ.

ಆ ಸಣ್ಣ ಕಾಲೇಜಿಗೂ ಅದರದೇ ಕಷ್ಟ ಇತ್ತು. ಇಷ್ಟು ದೊಡ್ಡವರ ಎದುರು ಫುಟ್‌ಬಾಲ್ ತಂಡ ಸಾಕುವುದು ಮಾರ್ನಿಂಗ್‌ಸೈಡ್‌ಗೆ ವರ್ಷದಿಂದ ವರ್ಷಕ್ಕೆ ಭಾರವಾಯಿತು. 2002ರಲ್ಲಿ ಅದು ಎನ್‌ಸಿಎಎಯನ್ನೇ ಬಿಟ್ಟು, ಸಣ್ಣ ಕಾಲೇಜುಗಳದ್ದೇ ಆದ ಎನ್‌ಎಐಎ ಸಂಸ್ಥೆಗೆ ಹೋಯಿತು. ಮರುವರ್ಷ ನಾರ್ದರ್ನ್ ಕೊಲರಾಡೋ ಮೇಲಕ್ಕೆ ಹೊರಟಿತು. 2004ರಲ್ಲಿ ಫಾರ್ಗೋ ಮತ್ತು ಬ್ರೂಕಿಂಗ್ಸ್ ಒಟ್ಟಿಗೇ ಒಂದನೇ ಡಿವಿಷನ್‌ಗೆ ಹತ್ತಿದವು. 2006ರಲ್ಲಿ ಗ್ರ್ಯಾಂಡ್ ಫೋರ್ಕ್ಸ್ ಮತ್ತು ವರ್ಮಿಲಿಯನ್ ಕೂಡ ತಾವೂ ಹೊರಡುವುದಾಗಿ ಹೇಳಿದವು. ಆ ಹೊತ್ತಿಗೆ ಫುಟ್‌ಬಾಲ್ ಪಂದ್ಯ ತುಂಬಿಸಲು ಎರಡು ಸಾವಿರ ಕಿ.ಮೀ. ದೂರದ ವಾಷಿಂಗ್ಟನ್ ರಾಜ್ಯದ ಎರಡು ಕಾಲೇಜುಗಳನ್ನು ಸೇರಿಸಿಕೊಳ್ಳುವ ಸ್ಥಿತಿ ಬಂದಿತ್ತು. 2008ರ ಬೇಸಿಗೆಯಲ್ಲಿ ಕೂಟವನ್ನು ವಿಸರ್ಜಿಸಿದರು. ಆಗಸ್ಟಾನಾ, ಮ್ಯಾಂಕೇಟೋ, ಸೇಂಟ್ ಕ್ಲೌಡ್ ಮತ್ತು ಕೊನೆಯಲ್ಲಿ ಸೇರಿದ್ದ ಡುಲೂತ್ ಪಕ್ಕದ ನಾರ್ದರ್ನ್ ಸನ್ ಅನ್ನೋ ಕೂಟಕ್ಕೆ ಹೋದವು. ಒಮಾಹಾದ ಸರ್ಕಾರಿ ವಿಶ್ವವಿದ್ಯಾಲಯ (ಕ್ರೇಟನ್ ಅಲ್ಲ, ಆಮೇಲೆ ಸೇರಿದ್ದು) ದಕ್ಷಿಣದ ಇನ್ನೊಂದಕ್ಕೆ.

ಬಿಟ್ಟು ಹೋದವರಿಗೆ ಒಳ್ಳೆಯದಾಯಿತು, ಅದನ್ನು ಒಪ್ಪಲೇಬೇಕು. ಫಾರ್ಗೋ ತಂಡ 2011ರ ಸೀಸನ್‌ನಿಂದ 2024ರ ಸೀಸನ್ ಒಳಗೆ ಒಂದನೇ ಡಿವಿಷನ್ ಕೆಳಹಂತದ ಹತ್ತು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಬ್ರೂಕಿಂಗ್ಸ್ 2022, 2023ರಲ್ಲಿ ಸತತ ಎರಡು. ಪಂದ್ಯದ ದಿನ ಬೆಳಿಗ್ಗೆಯಿಂದಲೇ ಕ್ರೀಡಾಂಗಣದ ಪಾರ್ಕಿಂಗ್ ಜಾಗದಲ್ಲಿ ಜನ ಒಲೆ ಹಚ್ಚುತ್ತಾರೆ. ಸಾಸೇಜ್ ಸುಡುವ ಹೊಗೆ, ದೊಡ್ಡ ಪಾತ್ರೆಯಲ್ಲಿ ಹಿಟ್ಟಿನ ಉಂಡೆ ಹಾಕಿದ ನೆಫ್ಲ ಸೂಪು, ಹಸಿರು ಹಳದಿ ಟೋಪಿ ಹಾಕಿದ ಪುಟ್ಟ ಮಕ್ಕಳು. ಗುರುತಿಲ್ಲದವರಿಗೂ ತಟ್ಟೆ ಕೊಡುತ್ತಾರೆ. ಆ ಖುಷಿ ನಿಜವಾದದ್ದು. ನಾನೂ ಅದರಲ್ಲಿ ಪಾಲು ಪಡೆದಿದ್ದೇನೆ.

ಆದರೆ ಬೆಲೆಯೂ ತೆರಬೇಕಾಯಿತು. ಫಾರ್ಗೋ, ಬ್ರೂಕಿಂಗ್ಸ್ ಹುಡುಗರು ಮೊದಲ ಕೆಲವು ವರ್ಷ ಕೂಟದ ಪಂದ್ಯಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ವಿಮಾನ ಹತ್ತಿದರು. ಗ್ರ್ಯಾಂಡ್ ಫೋರ್ಕ್ಸ್ ಆಮೇಲೆ ಅರಿಜೋನಾದವರೆಗೆ ಹೋಗಿ ಆಡಿತು. ಬಡ್ತಿ ಪಡೆದ ತಂಡ ಕೆಲವು ವರ್ಷ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವ ಹಾಗಿಲ್ಲ ಅಂತ ನಿಯಮ. ಹೀಗಾಗಿ 2007ರಲ್ಲಿ ಫಾರ್ಗೋ ಹತ್ತು ಪಂದ್ಯ ಗೆದ್ದರೂ ಮುಂದಕ್ಕೆ ಹೋಗಲಾಗಲಿಲ್ಲ. ಆ ನಾಲ್ಕು ವರ್ಷ ಆಡಿ ಪದವಿ ಮುಗಿಸಿದ ಹುಡುಗರಿಗೆ ಆ ಅವಕಾಶ ಮತ್ತೆ ಬರಲಿಲ್ಲ. ಇನ್ನು ನಿಕಲ್ ಟ್ರೋಫಿ? 2003ರ ಅಕ್ಟೋಬರ್‌ನಲ್ಲಿ ಗ್ರ್ಯಾಂಡ್ ಫೋರ್ಕ್ಸ್ ಹೆಚ್ಚುವರಿ ಸಮಯದಲ್ಲಿ ಗೆದ್ದದ್ದೇ ಕೊನೆ. ಎರಡೂ ಕಡೆ ಬಿಗಿ ಹಿಡಿದು, 2015ರವರೆಗೆ ಒಂದು ಪಂದ್ಯವೂ ನಡೆಯಲಿಲ್ಲ. ಒಂದೂಕಾಲು ಗಂಟೆ ದಾರಿಯ ಎರಡು ಊರುಗಳು, ನೂರು ವರ್ಷದಿಂದ ಆಡುತ್ತಿದ್ದವು, ಹನ್ನೆರಡು ವರ್ಷ ಫುಟ್‌ಬಾಲ್ ಮೈದಾನದಲ್ಲಿ ಮುಖ ನೋಡಲಿಲ್ಲ. ಆ ಹನ್ನೆರಡು ವರ್ಷದಲ್ಲಿ ಓದಿ ಹೋದ ಮಕ್ಕಳಿಗೆ ಆ ಪಂದ್ಯ ಅಂದರೆ ಏನು ಅಂತಲೇ ತಿಳಿಯಲಿಲ್ಲ ಅನ್ನುವಾಗ ಪಕ್ಕದ ಮನೆ ಅಜ್ಜನ ದನಿ ಏರುತ್ತದೆ. ನನಗೂ ಹೊಟ್ಟೆ ಉರಿಯುತ್ತದೆ.

ಒಮಾಹಾದ ಕುಸ್ತಿ ತಂಡದ್ದು ಇನ್ನೂ ಕಷ್ಟದ ಕಥೆ. 2011ರ ಮಾರ್ಚ್‌ನಲ್ಲಿ ಅವರು ಎರಡನೇ ಡಿವಿಷನ್ ಕುಸ್ತಿಯಲ್ಲಿ ಸತತ ಮೂರನೇ ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಅದೇ ವಾರಾಂತ್ಯ ಕೋಚ್ ಮೈಕ್ ಡೆನಿಗೆ ಸುದ್ದಿ ಬಂತು. ವಿಶ್ವವಿದ್ಯಾಲಯ ಒಂದನೇ ಡಿವಿಷನ್‌ಗೆ ಹೋಗುತ್ತಿದೆ, ಕುಸ್ತಿಯನ್ನೂ ಫುಟ್‌ಬಾಲನ್ನೂ ನಿಲ್ಲಿಸುತ್ತೇವೆ ಅಂತ. ಪದಕ ಇನ್ನೂ ಕೊರಳಲ್ಲಿದ್ದ ಹುಡುಗರಿಗೆ ಅವರು ಇದನ್ನು ಹೇಳಬೇಕಾಯಿತು. ಆಮೇಲೆ ತಂಡದ ಎಷ್ಟೋ ಮಂದಿಯನ್ನು ಕರೆದುಕೊಂಡು ಸೇಂಟ್ ಲೂಯಿಸ್‌ನ ಮೇರಿವಿಲ್ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿ ಸೊನ್ನೆಯಿಂದ ಕುಸ್ತಿ ತಂಡ ಕಟ್ಟಿದರು. ಗೆಲ್ಲುತ್ತಿರುವ ತಂಡವನ್ನು ದರ್ಜೆಯ ಹೆಸರಿನಲ್ಲಿ ಮುಚ್ಚುವುದು ನನಗೆ ಯಾವತ್ತೂ ಒಪ್ಪಿಗೆಯಾಗುವ ಮಾತಲ್ಲ.

ಈಗ ನೋಡಿದರೆ, ಬಿಟ್ಟು ಹೋದವರಲ್ಲಿ ಹಲವರು ಒಬ್ಬೊಬ್ಬರಾಗಿ ಮತ್ತೆ ಒಂದೇ ಕಡೆ ಬಂದು ಸೇರಿದ್ದಾರೆ. ಫಾರ್ಗೋ, ಬ್ರೂಕಿಂಗ್ಸ್ 2007ರಲ್ಲೇ ಸಮ್ಮಿಟ್ ಲೀಗ್ ಅನ್ನೋ ಕೂಟ ಸೇರಿದ್ದವು. ನಂತರ ವರ್ಮಿಲಿಯನ್, ಒಮಾಹಾ ಬಂದವು. 2018ರಲ್ಲಿ ಗ್ರ್ಯಾಂಡ್ ಫೋರ್ಕ್ಸ್. 2021ರಲ್ಲಿ 1922ರ ಆ ಸೇಂಟ್ ಥಾಮಸ್ ಕೂಡ ಬಂತು. ನಡುವೆ ಅದು ಮಿನೆಸೋಟಾದ ಸಣ್ಣ ಕಾಲೇಜುಗಳ ಕೂಟದಲ್ಲಿತ್ತು. ತೀರಾ ಜಾಸ್ತಿ ಗೆಲ್ಲುತ್ತದೆ, ತೀರಾ ದೊಡ್ಡದಾಗಿ ಬೆಳೆದಿದೆ ಅಂತ ಉಳಿದವರು ಹೊರಗೆ ಕಳಿಸಿದರು. ಅದು ಮೂರನೇ ಡಿವಿಷನ್‌ನಿಂದ ನೇರವಾಗಿ ಒಂದನೆಯದಕ್ಕೆ ಜಿಗಿಯಿತು. ಮಾರ್ನಿಂಗ್‌ಸೈಡ್ ತನ್ನ ಸಣ್ಣ ಕೂಟದಲ್ಲಿ 2018, 2019, 2021ರಲ್ಲಿ ಎನ್‌ಎಐಎ ಫುಟ್‌ಬಾಲ್ ಪ್ರಶಸ್ತಿ ಗೆದ್ದು ಚೆನ್ನಾಗಿದೆ. ಅದನ್ನು ಓದಿದಾಗ ನನಗೆ ತುಂಬಾ ಸಂತೋಷವಾಯಿತು.

ಸಮ್ಮಿಟ್ ಲೀಗಿನ ಕಚೇರಿ ಈಗ ಸೂ ಫಾಲ್ಸ್‌ನಲ್ಲಿದೆ. ಪ್ರತಿ ಮಾರ್ಚ್‌ನಲ್ಲಿ ಅವರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೂ ಅಲ್ಲೇ. ಆಗಸ್ಟಾನಾದ ಊರು ಅದು, ಆದರೆ ಆಗಸ್ಟಾನಾ ಆ ಕೂಟದಲ್ಲಿಲ್ಲ. ಅದರ ಕೂಟದ ಪಂದ್ಯಾವಳಿ ಅದೇ ಊರಿನ ಇನ್ನೊಂದು ಕ್ರೀಡಾಂಗಣದಲ್ಲಿ, ಹೆಚ್ಚುಕಡಿಮೆ ಅದೇ ದಿನಗಳಲ್ಲಿ ನಡೆಯುತ್ತದೆ. ಎರಡನ್ನೂ ನೋಡಬೇಕೆಂದರೆ ಊರೊಳಗೇ ಕಾರು ಓಡಿಸಿಕೊಂಡು ಹೋಗಬಹುದು. ಅಜ್ಜ ಪ್ರತಿ ಸಲ ಎರಡಕ್ಕೂ ಟಿಕೆಟ್ ತೆಗೆಯುತ್ತಾರೆ.

ನಿಮ್ಮ ಮನೆಯ ಮಕ್ಕಳು ಯಾರಾದರೂ ಫಾರ್ಗೋಗೋ ಬ್ರೂಕಿಂಗ್ಸ್‌ಗೋ ಓದಲು ಬರುವವರಿದ್ದರೆ ನನ್ನದೊಂದು ಮಾತು ಹೇಳಿ. ದಪ್ಪ ಕೋಟು ಇಲ್ಲೇ ಕೊಂಡುಕೊಳ್ಳಲಿ, ಅಲ್ಲಿಂದ ಹೊತ್ತು ತರುವುದು ಬೇಡ. ಬಂದ ಮೊದಲ ಚಳಿಗಾಲದಲ್ಲೇ ಗ್ರ್ಯಾಂಡ್ ಫೋರ್ಕ್ಸ್ ವಿರುದ್ಧದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗಲಿ. ತೊಂಬತ್ತರ ದಶಕದ ಜಾಕೆಟ್ ಹಾಕಿಕೊಂಡು ಕೂತ ಹಿರಿಯರು ಯಾರಾದರೂ ಸಿಗುತ್ತಾರೆ. ಅವರ ಪಕ್ಕ ಕೂತು ಮಾರ್ನಿಂಗ್‌ಸೈಡ್ ಬಗ್ಗೆ ಕೇಳಲಿ.